ಗೊಂಬೆ ಉರುಳಿದರೆ ಏನರ್ಥ?

ಆಟದ ಕೋಣೆಯಲ್ಲಿ ಮಗುವೊಂದು ಪುಟ್ಟ ದೀಪದ ಕಂಬವನ್ನು ಉರುಳಿಸುತ್ತದೆ. ಇದಕ್ಕೆ ಅರ್ಥವಿದೆಯೇ? ಕೇಳಲು ಚಿಕ್ಕ ಪ್ರಶ್ನೆ. ಆದರೆ ಮಕ್ಕಳ ಮನಸ್ಸನ್ನು ಓದುವವರು ಎರಡು ಪಂಗಡವಾದದ್ದು ಇಂಥ ಪ್ರಶ್ನೆಗಳಿಂದಲೇ.

ಮಾತಿನಲ್ಲಿ ಹೇಳಲಾಗದ್ದನ್ನು ಮಗು ಆಟದಲ್ಲಿ ಹೇಳುತ್ತದೆ ಎಂಬುದು ಮೆಲನಿ ಕ್ಲೈನ್ ಅವರ ನಂಬಿಕೆ. ಸಣ್ಣ ಗೊಂಬೆ, ಗಾಡಿ, ರೈಲುಗಳನ್ನು ಮಗುವಿನ ಮುಂದಿಟ್ಟು, ಅದು ಆಡಿದ್ದರ ಒಳಗುಟ್ಟನ್ನು ಅದಕ್ಕೇ ನೇರವಾಗಿ ಹೇಳುತ್ತಿದ್ದರು. ಸಿಗ್ಮಂಡ್ ಫ್ರಾಯ್ಡ್‌ರ ಮಗಳು ಆನಾ ಫ್ರಾಯ್ಡ್ ಇದನ್ನು ಒಪ್ಪಲಿಲ್ಲ. ಮಗು ಆ ದಿನ ರಸ್ತೆಯಲ್ಲಿ ಏನನ್ನೋ ಕಂಡು ಕಂಬ ಉರುಳಿಸಿರಬಹುದು; ಮನೆಗೆ ಬಂದ ಹೆಂಗಸಿನ ಕೈಚೀಲ ತೆರೆದರೆ, ಹಿಂದಿನ ದಿನ ಯಾರೋ ಅಂಥದೇ ಚೀಲದಲ್ಲಿ ಉಡುಗೊರೆ ತಂದಿದ್ದಿರಬಹುದು ಎಂದು 1927ರಲ್ಲಿ ವಾದಿಸಿದರು. ಮೊದಲು ಮಗುವಿನ ವಿಶ್ವಾಸ ಗಳಿಸಬೇಕು ಎಂಬುದು ಅವರ ಕ್ರಮ. ಕ್ಲೈನ್ 1926ರಲ್ಲೇ ಲಂಡನ್ ಸೇರಿದ್ದರು. 1938ರಲ್ಲಿ ನಾಜಿಗಳಿಂದ ಪಾರಾಗಿ ಫ್ರಾಯ್ಡ್ ಕುಟುಂಬವೂ ಅಲ್ಲಿಗೇ ಬಂತು. ಮಹಾಯುದ್ಧದ ನಡುವೆಯೇ ಅಲ್ಲಿನ ಮನೋವಿಶ್ಲೇಷಕರ ಸಂಘದಲ್ಲಿ ವಾಗ್ವಾದ ನಡೆದು, ಕೊನೆಗೆ ವಿದ್ಯಾರ್ಥಿಗಳ ತರಬೇತಿಯನ್ನೇ ಬೇರೆ ಮಾಡಿಕೊಂಡು ರಾಜಿಯಾದರು!

ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಈ ಜಗಳದ ಗೊಡವೆಗೇ ಹೋಗಲಿಲ್ಲ. ಕಾರ್ಲ್ ರೋಜರ್ಸ್ ಅವರ ವಿಚಾರಗಳನ್ನು ಮಕ್ಕಳಿಗೆ ಅನ್ವಯಿಸಿ, 1947ರಲ್ಲಿ ಪುಸ್ತಕವನ್ನೇ ಬರೆದರು. ಇಲ್ಲಿ ದಾರಿ ತೋರಿಸುವುದು ಮಗು, ಹಿಂಬಾಲಿಸುವುದು ಚಿಕಿತ್ಸಕಿ. ಕಂಬ ಬಿದ್ದರೆ ಆಕೆ ಅರ್ಥ ಹೇಳುವುದಿಲ್ಲ. ‘ನಿನಗೆ ಸಿಟ್ಟು ಬಂದಿದೆ’ ಎನ್ನುವಂತೆ ಮಗುವಿನ ಭಾವನೆಯನ್ನಷ್ಟೇ ಅದಕ್ಕೆ ಮರಳಿ ತೋರಿಸುತ್ತಾಳೆ. ಕಟ್ಟುಪಾಡುಗಳೂ ತೀರಾ ಕಡಿಮೆ. 1993ರಲ್ಲಿ ಸೂಸನ್ ನೆಲ್ ವಿವರಿಸಿದ ಪದ್ಧತಿ ಇದಕ್ಕೆ ತದ್ವಿರುದ್ಧ, ಅದಕ್ಕೆ ಗುರಿ ಬೇಕು. ಕತ್ತಲಿಗೆ ಹೆದರುವ ಮಗುವಿನ ಎದುರು ಕೈಗೊಂಬೆಯೂ ಕತ್ತಲಿಗೆ ಹೆದರುತ್ತದೆ. ಹಂತಹಂತವಾಗಿ ಧೈರ್ಯ ಕಲಿಯುತ್ತದೆ. ಅದನ್ನು ನೋಡುತ್ತಾ ಮಗುವೂ ಕಲಿಯುತ್ತದೆ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ನಿರ್ದಿಷ್ಟ ಹೆದರಿಕೆ, ಅಭ್ಯಾಸದ ತೊಂದರೆ ಇದ್ದರೆ ನೆಲ್ ದಾರಿ ಸಲೀಸು. ಮನೆಯಲ್ಲಿ ಸಾವು, ಜಗಳ ಕಂಡು ಮಾತೇ ನಿಲ್ಲಿಸಿದ ಮಗುವನ್ನು ಗುರಿಯತ್ತ ಎಳೆಯುವುದಕ್ಕಿಂತ ಆಕ್ಸ್‌ಲೈನ್‌ರಂತೆ ಕಾಯುವುದು ಲೇಸು. ಕ್ಲೈನ್‌ರಂತೆ ಅರ್ಥ ಹೇಳಲು ವರ್ಷಗಟ್ಟಲೆ ತರಬೇತಿ ಬೇಕು, ಪುಸ್ತಕ ಓದಿ ಮನೆಯಲ್ಲಿ ಪ್ರಯೋಗಿಸುವುದಂತೂ ಬೇಡವೇ ಬೇಡ. ಮನಶ್ಶಾಸ್ತ್ರ ಓದುವ ವಿದ್ಯಾರ್ಥಿಗಳು ‘ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ’ ಎನ್ನುವುದುಂಟು. ಇಂದು ಅರ್ಥ ಹೇಳಿ, ನಾಳೆ ಸುಮ್ಮನೆ ಕುಳಿತು, ನಾಡಿದ್ದು ಬಹುಮಾನ ಕೊಟ್ಟರೆ ಈ ಕೋಣೆಯ ನಿಯಮವೇನೆಂದು ಮಗುವಿಗೆ ತಿಳಿಯುವುದಾದರೂ ಹೇಗೆ? ಒಂದನ್ನು ಗಟ್ಟಿಯಾಗಿ ಕಲಿತ ಮೇಲೆ ಇನ್ನೊಂದರಿಂದ ಸಾಲ ತರಬಹುದು.

2005ರಲ್ಲಿ 93 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಗುವಿಗೇ ಮುಂದಾಳತ್ವ ಬಿಡುವ ಪದ್ಧತಿಗಳ ಫಲ ಹೆಚ್ಚೆಂದು ಕಂಡಿತು. ತಂದೆತಾಯಿ ಪಾಲ್ಗೊಂಡಾಗಲೂ ಅಷ್ಟೇ. ಆದರೆ ಆ ಅಧ್ಯಯನಗಳಲ್ಲಿ ಬಹುಪಾಲು ಮಗುವೇ ಮುಂದಾಗುವ ಬಗೆಯವು ಎಂಬುದನ್ನೂ ಗಮನಿಸಬೇಕು.

ಹೀಗಾಗಿ ಮಗುವನ್ನು ಕರೆದೊಯ್ಯುವ ಪಾಲಕರು ಸಂಕೋಚಪಡದೆ ಕೇಳಬಹುದು: ನೀವು ಅನುಸರಿಸುವ ಪದ್ಧತಿ ಯಾವುದು? ನಮ್ಮ ಮಗುವಿಗೆ ಅದೇ ಏಕೆ? ಗುಣ ಕಾಣದಿದ್ದರೆ ಯಾವಾಗ ಬದಲಿಸುತ್ತೀರಿ? ನಮ್ಮ ಪಾತ್ರವೇನು? ಕೊನೆಯ ಪ್ರಶ್ನೆಗೆ ಬರ್ನಾರ್ಡ್ ಗರ್ನಿ 1964ರಲ್ಲೇ ಉತ್ತರ ಕೊಟ್ಟಿದ್ದರು. ಚಿಕಿತ್ಸಕರಿಂದ ಕಲಿತು, ವಾರಕ್ಕೊಮ್ಮೆ ಅರ್ಧ ಗಂಟೆ, ಮಗು ಹೇಳಿದಂತೆ ತಾಯಿಯೋ ತಂದೆಯೋ ಆಡುವುದು. ಆ ಅರ್ಧ ಗಂಟೆ ಮಗ್ಗಿ ಕೇಳುವಂತಿಲ್ಲ.