ಸ್ಲೈಡಿಂಗ್ ಕಿಟಕಿ ಹಾಕಿಸ್ತೀರಾ? ಆರ್ಡರ್ ಕೊಡೋ ಮೊದಲು ಇದನ್ನ ನೋಡಿ

ಸಾಗರ: ಮರದ ಕಿಟಕಿ ಮಳೆಗಾಲದಲ್ಲಿ ಉಬ್ಬಿ ಬಾಗಿಲು ಹಾಕೋಕೆ ಬರಲ್ಲ ಅಂತ ಈಗ ಹೊಸ ಮನೆ ಕಟ್ಟುವ ಬಹಳಷ್ಟು ಜನ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಹಾಕಿಸ್ತಿದ್ದಾರೆ. ಗೆದ್ದಲು ಹಿಡಿಯಲ್ಲ, ಬಣ್ಣ ಹೊಡೆಯೋದು ಬೇಡ, ಜಾಗವೂ ಉಳಿಯುತ್ತೆ. ಆದರೆ ಒಂದು ಲೆಕ್ಕ ತಪ್ಪಿದರೆ ಕೊಟ್ಟ ದುಡ್ಡಿಗೆ ಅರ್ಧ ಗಾಳಿ ಮಾತ್ರ ಸಿಗುತ್ತೆ.

ಸ್ಲೈಡಿಂಗ್‌ನಲ್ಲಿ ಒಂದು ಬಾಗಿಲು ಇನ್ನೊಂದರ ಹಿಂದೆ ಸರಿಯುತ್ತೆ. ಹಾಗಾಗಿ 4 ಅಡಿ ಅಗಲದ ಕಿಟಕಿ ತೆರೆಯುವುದು ಹೆಚ್ಚೆಂದರೆ 2 ಅಡಿ. ಅಮೆರಿಕದ ಮನೆಗಳಲ್ಲಿರುವ ಸಿಂಗಲ್ ಹಂಗ್ ಕಿಟಕಿಯದ್ದೂ ಇದೇ ಕಥೆ. ಅಲ್ಲಿ ನಮ್ಮ ರೈಲಿನ ಕಿಟಕಿಯಂತೆ ಕೆಳಗಿನ ಭಾಗ ಮೇಲಕ್ಕೆ ಏರುತ್ತೆ, ಮೇಲಿನದು ಕದಲುವುದಿಲ್ಲ.

ಬಿಸಿಯ ಜೊತೆ ತೇವವೂ ಇರುವ ಊರುಗಳಲ್ಲಿ ಕಿಟಕಿ ಜಾಗ ಕೋಣೆ ನೆಲದ ಆರನೇ ಒಂದು ಭಾಗ ಇರಬೇಕು ಅನ್ನುತ್ತೆ ರಾಷ್ಟ್ರೀಯ ಕಟ್ಟಡ ಸಂಹಿತೆ. 10x12 ಅಡಿ ಕೋಣೆಗೆ ಅದು 20 ಚದರ ಅಡಿ. 4x5 ಅಡಿಯ ಒಂದು ಕಿಟಕಿ ಇಟ್ಟರೆ ಲೆಕ್ಕ ಸರಿಹೋಯ್ತು. ಅದೇ ಸ್ಲೈಡಿಂಗ್ ಆದರೆ ಗಾಳಿ ಬರೋದು 10 ಚದರ ಅಡಿಯಲ್ಲಿ. ಮಲಗುವ ಕೋಣೆ, ಅಡುಗೆಮನೆಗೆ ಹೊರಗೆ ತೆರೆಯುವ ಓಪನಬಲ್ ಕಿಟಕಿಯೇ ವಾಸಿ. ಹೊರಗೆ ಓಡಾಟದ ದಾರಿ ಇದ್ದು ಬಾಗಿಲು ತೆರೆಯೋಕೆ ಜಾಗ ಇಲ್ಲದ ಕಡೆ ಸ್ಲೈಡಿಂಗ್ ಇರಲಿ.

ಅಂಗಡಿಯಲ್ಲಿ ಈ ಮೂರು ಕೇಳಿ:

1. ಫ್ರೇಮ್ ಒಳಗೆ ಜಿಐ ಸ್ಟೀಲ್ ಇದ್ಯಾ? ಇಲ್ಲದಿದ್ದರೆ ದೊಡ್ಡ ಕಿಟಕಿ ಗಾಳಿಗೆ ಬಾಗಬಹುದು.

2. ಸೊಳ್ಳೆ ಮೆಶ್‌ಗೆ ಬೇರೆ ಟ್ರ್ಯಾಕ್ ಇದ್ಯಾ? ಆಮೇಲೆ ಸೇರಿಸೋದು ಕಷ್ಟ.

3. ರೇಟಿನಲ್ಲಿ ಗಾಜು, ಮೆಶ್, ಫಿಟ್ಟಿಂಗ್ ಎಲ್ಲ ಸೇರಿದ್ಯಾ? ಗಾಜು ಎಷ್ಟು ಎಂಎಂ ಅನ್ನೋದೂ ಸೇರಿಸಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಮಲೆನಾಡಿನ ಮಳೆ ನೇರ ಬೀಳಲ್ಲ, ಗಾಳಿ ಜೊತೆ ಅಡ್ಡ ಹೊಡೆಯುತ್ತೆ. ಆದ್ದರಿಂದ ಮೇಲೆ ಸಜ್ಜಾ ಇರಲೇಬೇಕು. ಕೆಳಗಿನ ಕಲ್ಲು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಟ್ರ್ಯಾಕ್‌ಗೆ ಬಿದ್ದ ನೀರು ಹೊರಹೋಗಲು ಫ್ರೇಮ್‌ನಲ್ಲಿ ಸಣ್ಣ ತೂತುಗಳಿರುತ್ತವೆ. ಗಾರೆ, ಪುಟ್ಟಿ ಮೆತ್ತುವಾಗ ಅವು ಮುಚ್ಚಿಹೋದರೆ ನೀರು ಒಳಗೋಡೆಗೆ ಇಳಿಯುತ್ತೆ.

ಫಿಟ್ಟಿಂಗ್ ಮುಗಿದ ಮೇಲೆ ಟ್ರ್ಯಾಕ್‌ಗೆ ಒಂದು ಚೊಂಬು ನೀರು ಹಾಕಿ. ಅದು ಹೊರಗೆ ಹೋದರೆ ಮಾತ್ರ ಉಳಿದ ದುಡ್ಡು ಕೊಡಿ. ಒಳಗೆ ಬಂದರೆ ಅವತ್ತೇ ಸರಿಮಾಡಿಸಿ, ಜೂನ್‌ವರೆಗೆ ಕಾಯಬೇಡಿ.