ಫಿನ್ಲೆಂಡ್‌ನ ಪ್ರಾದೇಶಿಕ ವಿಭಾಗಗಳು ಮತ್ತು ಭಾಷಾ ಹಕ್ಕು: ‘ಕರೇಲಿಯಾ’ ಎಂಬ ಹೆಸರಿನ ನಿದರ್ಶನ

ಸಾರಾಂಶ

ಫಿನ್ಲೆಂಡ್‌ನಲ್ಲಿ ಭಾಷಾ ಹಕ್ಕುಗಳು ಬಹುಮಟ್ಟಿಗೆ ಆಡಳಿತ ಘಟಕಗಳನ್ನು ಆಧರಿಸಿವೆ. ಸಾಂಸ್ಕೃತಿಕ ಪ್ರದೇಶಗಳ ಹೆಸರುಗಳು ಮಧ್ಯಯುಗದ ವಿಭಾಗಗಳಿಂದ ಬಂದಿವೆ. ಉಪಭಾಷೆಗಳ ಎಲ್ಲೆಗಳು ಇವೆರಡನ್ನೂ ಪೂರ್ಣವಾಗಿ ಅನುಸರಿಸುವುದಿಲ್ಲ. ‘ಕರೇಲಿಯಾ’ ಎಂಬ ಹೆಸರು ಪ್ರಾಂತ್ಯ, ಉಪಭಾಷೆ ಮತ್ತು ಸ್ವತಂತ್ರ ಭಾಷೆ ಈ ಮೂರನ್ನೂ ಸೂಚಿಸುವುದರಿಂದ ಉಂಟಾದ ವರ್ಗೀಕರಣದ ಗೊಂದಲವನ್ನೂ, ಕರೇಲಿಯನ್ ಭಾಷಿಕರ ಮೇಲೆ ಅದರ ಪರಿಣಾಮವನ್ನೂ ಈ ಲೇಖನ ವಿವರಿಸುತ್ತದೆ.

ಪ್ರಮುಖ ಪದಗಳು: ಫಿನ್ಲೆಂಡ್, ಉಪಭಾಷಾ ಭೂಗೋಳ, ಕರೇಲಿಯನ್, ಅಲ್ಪಸಂಖ್ಯಾತ ಭಾಷೆ, ಭಾಷಾ ಹಕ್ಕು

1. ಪೀಠಿಕೆ

ಉಪಭಾಷೆಗಳನ್ನು ಅವು ಬಳಕೆಯಲ್ಲಿರುವ ಸೀಮೆಯ ಹೆಸರಿನಿಂದ ಗುರುತಿಸುವುದು ಭಾಷಾವಿಜ್ಞಾನದಲ್ಲಿ ಹಳೆಯ ರೂಢಿ. ಈ ರೂಢಿಯ ಹಿಂದೆ ಸೀಮೆಯ ಎಲ್ಲೆಗೂ ನುಡಿಯ ಎಲ್ಲೆಗೂ ಹೊಂದಿಕೆಯಿದೆ ಎಂಬ ಗ್ರಹಿಕೆ ಅಡಗಿರುತ್ತದೆ. ಹೆಸರು ವಿವರಣೆಯ ಅನುಕೂಲಕ್ಕಷ್ಟೇ ಬಳಕೆಯಾಗುವವರೆಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಹಕ್ಕುಗಳನ್ನು ನೆಲದ ಆಧಾರದ ಮೇಲೆ ಹಂಚುವ ರಾಷ್ಟ್ರದಲ್ಲಿ ಇದೇ ಗ್ರಹಿಕೆ ಒಂದು ಭಾಷೆಯನ್ನು ಕಾಣದಂತೆ ಮಾಡಬಲ್ಲದು. ಫಿನ್ಲೆಂಡ್ ಇದಕ್ಕೆ ಸ್ಪಷ್ಟವಾದ ನಿದರ್ಶನ.

ಲಿಪ್ಯಂತರದ ಬಗ್ಗೆ ಒಂದು ಮಾತು: ಫಿನ್ನಿಶ್ ಹಾಗೂ ಕರೇಲಿಯನ್ ಭಾಷೆಗಳ ವಿವೃತ ಪೂರ್ವಸ್ವರವನ್ನು ಇಲ್ಲಿ ‘ಬ್ಯಾಂಕ್’ ಪದದ ಸ್ವರದಂತೆ ಬರೆಯಲಾಗಿದೆ.

2. ವಿಭಾಗಗಳ ಮೂರು ಪದರಗಳು

ಮೊದಲನೆಯ ಪದರ ಐತಿಹಾಸಿಕ ಪ್ರಾಂತ್ಯಗಳದು. ಹ್ಯಾಮೆ, ಸಾವೊ, ಕರೇಲಿಯಾ, ಪೊಹ್ಯಾನ್ಮಾ ಮೊದಲಾದ ಈ ಪ್ರಾಂತ್ಯಗಳು ಸ್ವೀಡನ್ನಿನ ಆಳ್ವಿಕೆಯ ಕಾಲದಲ್ಲಿ ರೂಪುಗೊಂಡವು. ಇಂದು ಇವುಗಳಿಗೆ ಆಡಳಿತಾತ್ಮಕ ಅಸ್ತಿತ್ವವಿಲ್ಲ. ಆದರೂ ಜನರು ತಮ್ಮನ್ನು ‘ಸಾವೊದವರು’, ‘ಹ್ಯಾಮೆಯವರು’ ಎಂದು ಗುರುತಿಸಿಕೊಳ್ಳುವುದು ಇವುಗಳ ಹೆಸರಿನಿಂದಲೇ.

ಎರಡನೆಯದು ಇಂದಿನ 19 ಪ್ರಾಂತ್ಯಗಳ ಪದರ. ಇವುಗಳಿಗೂ ಐತಿಹಾಸಿಕ ಪ್ರಾಂತ್ಯಗಳಿಗೂ ಫಿನ್ನಿಶ್‌ನಲ್ಲಿ ‘ಮಾಕುಂತಾ’ ಎಂಬ ಒಂದೇ ಪದವಿದೆ. ಹೊಸ ಪ್ರಾಂತ್ಯಗಳು ಹಳೆಯ ಹೆಸರುಗಳನ್ನೇ ಪಡೆದಿವೆ. ವಿಸ್ತಾರ ಮಾತ್ರ ಬೇರೆ. ಇಂದಿನ ‘ಪೊಹ್ಯಾನ್ಮಾ’ ವಾಸಾ ನಗರವನ್ನು ಕೇಂದ್ರವಾಗಿ ಹೊಂದಿದ, ಸ್ವೀಡಿಶ್ ಭಾಷಿಕರೇ ಹೆಚ್ಚಾಗಿರುವ ಕರಾವಳಿ ಪ್ರಾಂತ್ಯ. ಅದು ಅದೇ ಹೆಸರಿನ ಐತಿಹಾಸಿಕ ಪ್ರಾಂತ್ಯದ ಒಂದು ಸಣ್ಣ ಭಾಗ ಮಾತ್ರ. ‘ಲ್ಯಾನಿ’ ಎಂಬ ಬೇರೊಂದು ಆಡಳಿತ ವಿಭಾಗವನ್ನು 2010ರ ಆರಂಭದಲ್ಲಿ ರದ್ದುಪಡಿಸಲಾಯಿತು. 2023ರಿಂದ ಆರೋಗ್ಯ ಹಾಗೂ ಸಾಮಾಜಿಕ ಸೇವೆಗಳಿಗಾಗಿ 21 ಪ್ರತ್ಯೇಕ ವಿಭಾಗಗಳು ಕಾರ್ಯನಿರ್ವಹಿಸುತ್ತಿವೆ.

ಮೂರನೆಯ ಪದರವಾದ ‘ಕುಂತಾ’, ಅಂದರೆ ಸ್ಥಳೀಯಾಡಳಿತ ಘಟಕ, ಭಾಷಾ ಹಕ್ಕಿನ ದೃಷ್ಟಿಯಿಂದ ಅತ್ಯಂತ ಮುಖ್ಯವಾದುದು. 2004ರಲ್ಲಿ ಜಾರಿಗೆ ಬಂದ ಭಾಷಾ ಕಾಯಿದೆಯ ಪ್ರಕಾರ, ಫಿನ್ನಿಶ್ ಮತ್ತು ಸ್ವೀಡಿಶ್‌ಗಳ ಪೈಕಿ ಅಲ್ಪಸಂಖ್ಯಾತ ಭಾಷೆಯನ್ನಾಡುವವರು ಒಂದು ಕುಂತಾದಲ್ಲಿ ಶೇ. 8ರಷ್ಟಾದರೂ ಅಥವಾ 3,000 ಮಂದಿಯಾದರೂ ಇದ್ದರೆ ಅದು ದ್ವಿಭಾಷಿಕ ಘಟಕವಾಗುತ್ತದೆ. ಈ ವರ್ಗೀಕರಣವನ್ನು ಸರ್ಕಾರವು ಹತ್ತು ವರ್ಷಗಳಿಗೊಮ್ಮೆ ನಿರ್ಧರಿಸುತ್ತದೆ. ಓಲಂಡ್ ದ್ವೀಪಸಮೂಹ ಸ್ವಾಯತ್ತತೆಯ ಕಾಯಿದೆಯಂತೆ ಸ್ವೀಡಿಶ್ ಏಕಭಾಷಿಕ ಪ್ರಾಂತ್ಯ. ಉತ್ತರದಲ್ಲಿ ಎನೊಂತೆಕಿಯೊ, ಇನಾರಿ, ಉತ್ಸ್‌ಯೊಕಿ ಘಟಕಗಳೂ ಸೊದಾಂಕ್ಯುಲ್ಯಾದ ಉತ್ತರ ಭಾಗವೂ ಸೇರಿ ಸಾಮಿ ಜನರ ತಾಯ್ನೆಲವೆಂದು ಕಾನೂನಿನಲ್ಲಿ ಗುರುತಿಸಲ್ಪಟ್ಟಿವೆ. ಉತ್ತರ ಸಾಮಿ, ಇನಾರಿ ಸಾಮಿ ಮತ್ತು ಸ್ಕೋಲ್ಟ್ ಸಾಮಿ ಭಾಷೆಗಳ ಹಕ್ಕುಗಳು ಮುಖ್ಯವಾಗಿ ಈ ನೆಲಕ್ಕೆ ಸಂಬಂಧಿಸಿವೆ. ಒಟ್ಟಿನಲ್ಲಿ, ಗುರುತಿಸಬಹುದಾದ ನೆಲವುಳ್ಳ ಭಾಷೆಗೆ ಈ ವ್ಯವಸ್ಥೆ ಆಶ್ರಯ ನೀಡುತ್ತದೆ.

3. ‘ಕರೇಲಿಯಾ’: ಒಂದು ಹೆಸರು, ಮೂರು ವಾಸ್ತವಗಳು

ಇಂದಿನ ಫಿನ್ಲೆಂಡ್‌ನಲ್ಲಿ ಕರೇಲಿಯಾ ಎಂಬ ಹೆಸರನ್ನು ಹೊತ್ತ ಎರಡು ಪ್ರಾಂತ್ಯಗಳಿವೆ. ದಕ್ಷಿಣ ಕರೇಲಿಯಾದ ಕೇಂದ್ರ ಲಾಪ್ಪೇನ್ರಾಂತಾ. ಉತ್ತರ ಕರೇಲಿಯಾದ ಕೇಂದ್ರ ಯೊಎನ್ಸೂ. ಹೆಸರನ್ನು ನೋಡಿದರೆ ಎರಡೂ ಒಂದೇ ಉಪಭಾಷೆಯ ಸೀಮೆಗಳೆಂದು ತೋರಬಹುದು. ವಾಸ್ತವ ಹಾಗಿಲ್ಲ. ದಕ್ಷಿಣ ಕರೇಲಿಯಾ ಬಹುಮಟ್ಟಿಗೆ ಫಿನ್ನಿಶ್‌ನ ಆಗ್ನೇಯ ಉಪಭಾಷೆಗಳ ವಲಯ. ಉತ್ತರ ಕರೇಲಿಯಾದ ಆಡುಮಾತು ಸಾವೊ ಉಪಭಾಷೆಗಳ ಗುಂಪಿಗೆ ಸೇರಿದ್ದು. ‘ನೆಲ’ ಎಂಬರ್ಥದ ‘ಮಾ’ ಎಂಬ ಪದ ಉತ್ತರ ಕರೇಲಿಯಾದಲ್ಲಿ ಸಂಧ್ಯಕ್ಷರದೊಡನೆ ‘ಮೊಆ’ ಎಂದಾಗುತ್ತದೆ. ಆಗ್ನೇಯ ವಲಯದ ಹೆಚ್ಚಿನ ಭಾಗದಲ್ಲಿ ದೀರ್ಘಸ್ವರ ಹಾಗೆಯೇ ಉಳಿದಿದೆ.

ಈ ಭೇದಕ್ಕೆ ಐತಿಹಾಸಿಕ ಕಾರಣವಿದೆ. 1323ರ ಪ್ಯಾಹ್ಕಿನ್ಯಾಸಾರಿ ಒಪ್ಪಂದವು ಕರೇಲಿಯನ್ನರ ನೆಲವನ್ನು ಸ್ವೀಡನ್ ಮತ್ತು ನೊವ್‌ಗೊರೊದ್‌ಗಳ ನಡುವೆ ಹಂಚಿತು. ಪಶ್ಚಿಮದವರು ರೋಮನ್ ಚರ್ಚಿನ, ಮುಂದೆ ಲೂಥರನ್ ಪಂಥದ ವ್ಯಾಪ್ತಿಗೆ ಬಂದರು; ಪೂರ್ವದವರು ಆರ್ಥೊಡಾಕ್ಸ್ ಪಂಥದಲ್ಲಿ ಉಳಿದರು. 1617ರ ಸ್ತೊಲ್ಬೊವೊ ಒಪ್ಪಂದದಿಂದ ಕ್ಯಾಕಿಸಲ್ಮಿ ಸೀಮೆ ಸ್ವೀಡನ್ನಿನ ವಶವಾದಾಗ ಆರ್ಥೊಡಾಕ್ಸ್ ಕರೇಲಿಯನ್ನರಲ್ಲಿ ಬಹಳಷ್ಟು ಮಂದಿ ರಷ್ಯಾಕ್ಕೆ, ದೂರದ ತ್ವೆರ್ ಪ್ರದೇಶದವರೆಗೂ, ವಲಸೆ ಹೋದರು. ತೆರವಾದ ನೆಲದಲ್ಲಿ ಸಾವೊ ಕಡೆಯಿಂದ ಬಂದ ಲೂಥರನ್ನರು ನೆಲೆಸಿದರು. ಹೀಗೆ ಉತ್ತರ ಕರೇಲಿಯಾದಲ್ಲಿ ಸೀಮೆಯ ಹೆಸರು ಉಳಿಯಿತು. ಆಡುವ ನುಡಿ ಬದಲಾಯಿತು.

ಮೂರನೆಯ ವಾಸ್ತವ ಕರೇಲಿಯನ್ ಭಾಷೆ. ಇದು ಫಿನ್ನಿಶ್‌ಗೆ ಅತಿ ಸಮೀಪದ ಸೋದರ ಭಾಷೆ. ಮೂಲ ಕರೇಲಿಯನ್ ಮತ್ತು ಲಿವ್ವಿ ಇದರ ಮುಖ್ಯ ಪ್ರಭೇದಗಳು. ‘ಕಾಡು’ ಎಂಬರ್ಥದ ಫಿನ್ನಿಶ್ ‘ಮೆತ್ಸ್ಯಾ’ ಪದಕ್ಕೆ ಮೂಲ ಕರೇಲಿಯನ್‌ನಲ್ಲಿ ‘ಮೆಚ್ಚ್ಯಾ’ ಎಂಬ ಸ್ಪರ್ಶಘರ್ಷ ಧ್ವನಿಯುಳ್ಳ ರೂಪವಿದೆ. ‘ಕಪ್ಪು’ ಎಂಬರ್ಥದ ‘ಮುಸ್ತಾ’ ಲಿವ್ವಿಯಲ್ಲಿ ‘ಮುಸ್ತು’. ಆದರೆ ಎಲ್ಲ ಲಕ್ಷಣಗಳೂ ಹೀಗೆ ಅಚ್ಚುಕಟ್ಟಾಗಿ ವಿಂಗಡವಾಗುವುದಿಲ್ಲ. ‘ನಾನು’ ಎಂಬರ್ಥದ ‘ಮಿಎ’ ಮೂಲ ಕರೇಲಿಯನ್‌ನಲ್ಲೂ ಫಿನ್ನಿಶ್‌ನ ಆಗ್ನೇಯ ಉಪಭಾಷೆಗಳಲ್ಲೂ ಇದೆ. ಲಿವ್ವಿಯಲ್ಲಿರುವುದು ಪ್ರಮಾಣ ಫಿನ್ನಿಶ್‌ನಂತೆಯೇ ‘ಮಿನ್ಯಾ’. ಒಂದೊಂದೇ ಪದವನ್ನು ಹಿಡಿದು ಭಾಷೆ–ಉಪಭಾಷೆಗಳ ಗೆರೆ ಎಳೆಯುವುದು ಇಲ್ಲಿ ಸಾಧ್ಯವಿಲ್ಲ.

4. ನೆಲದ ಆಧಾರವಿಲ್ಲದ ಭಾಷೆ

ಎರಡನೆಯ ಮಹಾಯುದ್ಧದವರೆಗೆ ಸಾಲ್ಮಿ, ಸುಇಸ್ತಮೊ, ಸುಒಯ್ಯಾರ್ವಿ ಮೊದಲಾದ ‘ಗಡಿ ಕರೇಲಿಯಾ’ದ ಊರುಗಳು ಫಿನ್ಲೆಂಡ್‌ನ ಒಳಗಿದ್ದವು; ಅಲ್ಲಿ ಕರೇಲಿಯನ್ ಭಾಷೆ ಸಾಂದ್ರವಾಗಿ ಬಳಕೆಯಲ್ಲಿತ್ತು. ಯುದ್ಧದಲ್ಲಿ ಆ ನೆಲ ಸೋವಿಯತ್ ಒಕ್ಕೂಟದ ಪಾಲಾಯಿತು. ಫಿನ್ಲೆಂಡ್ ಬಿಟ್ಟುಕೊಟ್ಟ ಪ್ರದೇಶಗಳಿಂದ ಒಟ್ಟು 4 ಲಕ್ಷಕ್ಕೂ ಹೆಚ್ಚು ಜನರನ್ನು ದೇಶದ ಇತರೆಡೆಗಳಿಗೆ ಸ್ಥಳಾಂತರಿಸಲಾಯಿತು. ಇವರಲ್ಲಿ ಬಹುಪಾಲು ಜನರು ಕರೇಲಿಯನ್ ಭೂಸಂಧಿಯ ಕಡೆಯ ಫಿನ್ನಿಶ್ ಭಾಷಿಕರು. ಇವರೊಡನೆ ‘ಸ್ಥಳಾಂತರಗೊಂಡ ಕರೇಲಿಯನ್ನರು’ ಎಂಬ ಒಂದೇ ವರ್ಗದಲ್ಲಿ ಸೇರಿಹೋದ ಕರೇಲಿಯನ್ ಭಾಷಿಕರ ಭಾಷಿಕ ಪ್ರತ್ಯೇಕತೆ ಅಧಿಕೃತ ದೃಷ್ಟಿಯಿಂದ ಮರೆಯಾಯಿತು. ಅವರ ನುಡಿಯನ್ನು ದೀರ್ಘಕಾಲ ಫಿನ್ನಿಶ್‌ನ ಒಂದು ಉಪಭಾಷೆಯೆಂದೇ ಪರಿಗಣಿಸಲಾಯಿತು. ಲೊನ್ರೂಟ್ ‘ಕಾಲೆವಾಲಾ’ಕ್ಕಾಗಿ ಬಹಳಷ್ಟು ಹಾಡುಗಳನ್ನು ಸಂಗ್ರಹಿಸಿದ್ದು ವಿಯೆನಾ ಕರೇಲಿಯಾದಲ್ಲಿ. ಆ ಹಾಡುಗಳು ಫಿನ್ನಿಶ್ ರಾಷ್ಟ್ರೀಯ ಪರಂಪರೆಯಾದ ಬಳಿಕ, ಅವುಗಳ ಭಾಷೆಯನ್ನು ಬೇರೆಯೆಂದು ಹೇಳುವುದು ಸುಲಭವಿರಲಿಲ್ಲ.

ಇಂದಿನ ಫಿನ್ಲೆಂಡ್‌ನ ಎಲ್ಲೆಯೊಳಗೆ ಈ ಭಾಷೆಗೆ ಪಾರಂಪರಿಕ ನೆಲೆ ಇಲ್ಲವೇ ಇಲ್ಲ ಎಂದಲ್ಲ. ಕುಇವಯ್ಯಾರ್ವಿ, ಹಿಯೆತಯ್ಯಾರ್ವಿ ಎಂಬ ಹಳ್ಳಿಗಳಲ್ಲಿ ವಿಯೆನಾ ಪ್ರಭೇದ ಬಳಕೆಯಲ್ಲಿತ್ತು. ಗಮನಾರ್ಹ ಸಂಗತಿಯೆಂದರೆ, ಈ ಹಳ್ಳಿಗಳಿರುವುದು ಕರೇಲಿಯಾ ಎಂಬ ಹೆಸರಿನ ಯಾವ ಪ್ರಾಂತ್ಯದಲ್ಲೂ ಅಲ್ಲ. ಕಾಇನೂ ಪ್ರಾಂತ್ಯದ ಸುಒಮುಸ್ಸಲ್ಮಿಯಲ್ಲಿ.

2009ರಲ್ಲಿ ಫಿನ್ಲೆಂಡ್, ಪ್ರಾದೇಶಿಕ ಅಥವಾ ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಸನ್ನದಿನ ಅಡಿಯಲ್ಲಿ ಕರೇಲಿಯನ್ ಭಾಷೆಗೆ ಮಾನ್ಯತೆ ನೀಡಿತು. ಆದರೆ ಆ ಮಾನ್ಯತೆ ದೊರೆತದ್ದು ‘ಪ್ರದೇಶಕ್ಕೆ ಸೀಮಿತವಲ್ಲದ ಭಾಷೆ’ ಎಂಬ ವರ್ಗದಲ್ಲಿ. ಸಂವಿಧಾನದ 17ನೆಯ ವಿಧಿ ಇತರ ಗುಂಪುಗಳಿಗೂ ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನು ನೀಡುತ್ತದೆ. ಆದರೆ ಕಚೇರಿಯಲ್ಲಿ ಆ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕು ಅದರಿಂದ ತಾನಾಗಿ ಬರುವುದಿಲ್ಲ. ಶೇ. 8 ಅಥವಾ 3,000 ಎಂಬ ಮಾನದಂಡ ರಾಷ್ಟ್ರೀಯ ಭಾಷೆಗಳೆರಡಕ್ಕೆ ಮಾತ್ರ ಅನ್ವಯಿಸುತ್ತದೆ. ಸಾಮಿಗಿರುವಂತಹ ತಾಯ್ನೆಲ ಕರೇಲಿಯನ್‌ಗೆ ಇಲ್ಲ. ಗಡಿಯಾಚೆಯ ಕರೇಲಿಯಾ ಗಣರಾಜ್ಯದಲ್ಲಿಯೂ ರಾಜ್ಯಭಾಷೆ ರಷ್ಯನ್ ಒಂದೇ.

ಜನಸಂಖ್ಯಾ ದಾಖಲೆಯಲ್ಲಿ ಒಬ್ಬರಿಗೆ ಒಂದೇ ಮಾತೃಭಾಷೆಯನ್ನು ನಮೂದಿಸಲು ಅವಕಾಶವಿದೆ. ಎರಡೂ ಭಾಷೆಗಳನ್ನು ಆಡುತ್ತಾ ಬೆಳೆದವರು ‘ಫಿನ್ನಿಶ್’ ಎಂದು ದಾಖಲಾದರೆ ಕರೇಲಿಯನ್ ಭಾಷಿಕರ ಸಂಖ್ಯೆ ವಾಸ್ತವಕ್ಕಿಂತ ಕಡಿಮೆಯಾಗಿಯೇ ಕಾಣುತ್ತದೆ.

5. ಉಪಸಂಹಾರ

ಈ ನಿದರ್ಶನದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಪ್ರದೇಶದ ಹೆಸರು ವಲಸೆಯ ನಂತರವೂ ನೆಲದಲ್ಲೇ ಉಳಿಯುತ್ತದೆ. ಭಾಷೆ ಜನರೊಡನೆ ಸಾಗುತ್ತದೆ. ಆದ್ದರಿಂದ ಉಪಭಾಷಾ ನಕಾಶೆಯನ್ನು ರಚಿಸುವವರು ಪ್ರಾಂತ್ಯದ ಹೆಸರನ್ನು ಬಳಸುವಾಗ ಅದು ಯಾವ ಪದರದ, ಯಾವ ಕಾಲದ ಹೆಸರು ಎಂಬುದನ್ನು ನಮೂದಿಸಬೇಕು. ಎರಡು, ನೆಲವನ್ನು ಆಧರಿಸಿದ ಹಕ್ಕಿನ ವ್ಯವಸ್ಥೆ ಸ್ವೀಡಿಶ್‌ನಂತಹ ನೆಲೆನಿಂತ ಭಾಷೆಯನ್ನು ಸಮರ್ಥವಾಗಿ ಕಾಪಾಡಿದರೂ, ಸ್ಥಳಾಂತರದಿಂದ ಚದುರಿದ ಭಾಷೆಗೆ ಅದೇ ಅಳತೆಗೋಲು ಒದಗುವುದಿಲ್ಲ. 1968ರಿಂದ 2005ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾದ ಕರೇಲಿಯನ್ ಭಾಷೆಯ ನಿಘಂಟು ಆ ಭಾಷೆಯ ಸಂಪತ್ತನ್ನು ವಿದ್ವತ್ತಿನ ಮಟ್ಟದಲ್ಲಿ ದಾಖಲಿಸಿತು. ಕಾನೂನಿನ ಮಾನ್ಯತೆ ಬಂದದ್ದು ಅದು ಪೂರ್ಣಗೊಂಡ ಮೇಲೆ. ವಿವರಣೆ ಮತ್ತು ಮಾನ್ಯತೆಗಳ ನಡುವಿನ ಈ ಅಂತರ ಭಾಷಾವಿಜ್ಞಾನಿಗಳೂ ಹೊಣೆ ಹೊರಬೇಕಾದ ವಿಷಯ. ಒಂದು ನುಡಿಯನ್ನು ‘ಉಪಭಾಷೆ’ ಎಂದು ಕರೆಯುವ ನಿರ್ಣಯ ನಮ್ಮ ಪುಟಗಳಲ್ಲಿ ಮುಗಿಯುವುದಿಲ್ಲ. ಆಡಳಿತದ ದಾಖಲೆಗಳಲ್ಲಿ ಮುಂದುವರಿಯುತ್ತದೆ.