ಡ್ರಿಪ್ ಹಾಕಿಸಿದರೆ ಶ್ವಾಸಕೋಶ ಚಿಗುರುತ್ತಾ?

ಶ್ವಾಸಕೋಶದ ಬಗ್ಗೆ ಯಾವ ಕಾರ್ಯಕ್ರಮ ಮಾಡಿದರೂ ಫೋನ್‌ನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ನಮ್ಮ ತಂದೆಗೆ ಸಿಒಪಿಡಿ. ಹತ್ತು ಹೆಜ್ಜೆ ನಡೆದರೆ ಏದುಸಿರು. ಸ್ಟೆಮ್ ಸೆಲ್ ಹಾಕಿಸಿದರೆ ಶ್ವಾಸಕೋಶ ಹೊಸದಾಗಿ ಬೆಳೆಯುತ್ತಂತೆ, ಹೌದಾ? ಕೆಲವು ಲಕ್ಷ ಆಗುತ್ತೆ ಅಂದಿದ್ದಾರೆ. ಇರೋ ಒಂದೆಕರೆ ಜಮೀನು ಮಾರೋಣ ಅಂತಿದ್ದೀವಿ." ಕೇಳುವವರ ಊರು ಬೇರೆ, ದನಿ ಬೇರೆ. ಪ್ರಶ್ನೆ ಮಾತ್ರ ಒಂದೇ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಇವತ್ತಿನ ಮಟ್ಟಿಗೆ ಜಮೀನು ಮಾರಬೇಡಿ. ಆದರೆ ಬರೀ 'ಬೇಡ' ಅಂದರೆ ನೀವು ಒಪ್ಪಲ್ಲ, ಒಪ್ಪಲೂಬಾರದು. ಯಾಕೆ ಬೇಡ ಅನ್ನೋದು ಗೊತ್ತಾಗಬೇಕು. ಯಾಕಂದ್ರೆ ಸ್ಟೆಮ್ ಸೆಲ್ ಅನ್ನೋದು ಬುರುಡೆ ಅಲ್ಲ, ನಿಜವಾದ ವಿಜ್ಞಾನ. ಪೂರ್ತಿ ಸುಳ್ಳನ್ನು ಕಂಡುಹಿಡಿಯೋದು ಸುಲಭ. ಅರ್ಧ ನಿಜವನ್ನು ಹಿಡಿಯೋದೇ ಕಷ್ಟ.

ಮೊದಲು ಶ್ವಾಸಕೋಶ ಅಂದರೇನು ನೋಡಿ. ಅದು ಬಲೂನ್ ಅಲ್ಲ, ಸ್ಪಂಜು. ಅದರೊಳಗೆ ಮೂವತ್ತರಿಂದ ಐವತ್ತು ಕೋಟಿ ಪುಟ್ಟ ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ನೆಲಕ್ಕೆ ಹಾಸಿದರೆ ಸುಮಾರು 70 ಚದರ ಮೀಟರ್, ಹೆಚ್ಚುಕಡಿಮೆ ಒಂದು ಬ್ಯಾಡ್ಮಿಂಟನ್ ಕೋರ್ಟ್ ಅಗಲ. ಈ ಗೂಡಿನ ಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳು. ಮೊದಲನೇ ಬಗೆಯದು ಕಾಗದದಷ್ಟೂ ದಪ್ಪ ಇಲ್ಲದ ಹಾಸು. ಆಮ್ಲಜನಕ ರಕ್ತಕ್ಕೆ ದಾಟೋದು ಅದರ ಮೂಲಕ. ಎರಡನೇ ಬಗೆಯದು ಗುಂಡಗಿನ ಕೋಶ. ಗೂಡು ಕುಸಿದು ಅಂಟಿಕೊಳ್ಳದ ಹಾಗೆ ಸಾಬೂನಿನಂಥ ಒಂದು ದ್ರವ ಸುರಿಸೋದು ಅದರ ಕೆಲಸ.

ಆ ಎರಡನೇ ಬಗೆಯ ಕೋಶಕ್ಕೆ ಇನ್ನೊಂದು ಕೆಲಸವೂ ಇದೆ. ಪಕ್ಕದ ಹಾಸು ಹರಿದರೆ ಅದು ತಾನೇ ಎರಡಾಗಿ, ಮೊದಲನೇ ಬಗೆಯ ಕೋಶವಾಗಿ ಮಾರ್ಪಟ್ಟು ಜಾಗ ತುಂಬುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬ್ರಿಜಿಡ್ ಹೋಗನ್ ಅವರ ತಂಡ 2013ರಲ್ಲಿ ಇಲಿಗಳಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಅಂದರೆ ಶ್ವಾಸಕೋಶದ ರಿಪೇರಿ ತಂಡ ಶ್ವಾಸಕೋಶದಲ್ಲೇ ಇದೆ. ನ್ಯುಮೋನಿಯಾ ಬಂದು ವಾಸಿಯಾದವರು ಮತ್ತೆ ಸಲೀಸಾಗಿ ಉಸಿರಾಡೋದು ಇದರಿಂದಲೇ.

ಹಾಗಾದರೆ ತೊಂದರೆ ಎಲ್ಲಿ? ಎರಡು ಕಡೆ.

ಒಂದು, ಹಾನಿ ಒಂದೇ ಸಲಕ್ಕೆ ವಿಪರೀತ ಆದಾಗ. ಸೋಂಕು, ಅಪಘಾತ, ರಕ್ತ ನಂಜಾಗೋದು, ಕಾರಣ ಏನೇ ಇರಲಿ, ಗಾಳಿಗೂಡುಗಳ ಒಳಗೆ ನೀರು ತುಂಬಿಕೊಳ್ಳುತ್ತದೆ. ಇದಕ್ಕೆ ವೈದ್ಯರು ಎಆರ್‌ಡಿಎಸ್ ಅಂತಾರೆ. 1967ರಲ್ಲಿ 12 ರೋಗಿಗಳನ್ನು ಗಮನಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೊದಲು ವಿವರಿಸಿದ್ದು. ಕೋವಿಡ್ ಬಂದಮೇಲೆ ನಮಗೆಲ್ಲ ಗೊತ್ತಾಗಿದ್ದು. ಇನ್ನೊಂದು, ಹಾನಿ ವರ್ಷಗಟ್ಟಲೆ ನಿಧಾನವಾಗಿ ಆದಾಗ. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ. ಗೂಡುಗಳ ನಡುವಿನ ಗೋಡೆಗಳೇ ಒಡೆದು ಹತ್ತು ಗೂಡು ಸೇರಿ ಒಂದು ಪೊಳ್ಳು ಚೀಲ ಆಗಿಬಿಡುತ್ತದೆ. ಸಿಒಪಿಡಿಯಲ್ಲಿ ಆಗೋದು ಇದು.

ಈಗ ಸ್ಟೆಮ್ ಸೆಲ್ ವಿಷಯ. ಡ್ರಿಪ್‌ನಲ್ಲಿ ಹಾಕುವುದು ಸಾಮಾನ್ಯವಾಗಿ ಮೆಸೆಂಕೈಮಲ್ ಅನ್ನೋ ಬಗೆಯ ಕೋಶ. ಅಸ್ಥಿಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಿಂದ ತೆಗೆಯಬಹುದು. ರಕ್ತನಾಳಕ್ಕೆ ಬಿಟ್ಟ ಕೋಶಗಳು ಮೊದಲು ತಲುಪುವುದು ಶ್ವಾಸಕೋಶವನ್ನೇ. ಅವು ದಪ್ಪ, ಅಲ್ಲಿನ ಸೂಕ್ಷ್ಮ ರಕ್ತನಾಳ ಕಿರಿದು. ಹಾಗಾಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಕ್ಲಿನಿಕ್‌ನವರು ಇಷ್ಟು ಹೇಳಿ ನಿಲ್ಲಿಸ್ತಾರೆ. "ನೋಡಿ, ನೇರವಾಗಿ ಶ್ವಾಸಕೋಶಕ್ಕೇ ಹೋಗುತ್ತೆ!" ಹೌದು, ಹೋಗುತ್ತೆ. ಆದರೆ ಒಂದೆರಡು ದಿನದಲ್ಲಿ ಅವುಗಳಲ್ಲಿ ಬಹುಪಾಲು ಮಾಯ. ಅವು ಅಲ್ಲಿ ಬೇರು ಬಿಟ್ಟು ಗಾಳಿಗೂಡಾಗಿ ಬೆಳೆಯುವುದಿಲ್ಲ.

ಹಾಗಿದ್ದರೆ ಅವು ಮಾಡೋದೇನು? ಇರುವಷ್ಟು ಹೊತ್ತು ಸಂದೇಶ ಕಳಿಸುತ್ತವೆ. ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಸುರಿಸುತ್ತವೆ. ಅಷ್ಟೇ ಅಲ್ಲ, ತಮ್ಮೊಳಗಿನ ಮೈಟೊಕಾಂಡ್ರಿಯಾವನ್ನು, ಅಂದರೆ ಕೋಶದ ವಿದ್ಯುತ್ ಘಟಕವನ್ನೇ, ಬಳಲಿದ ಪಕ್ಕದ ಕೋಶಕ್ಕೆ ದಾಟಿಸುತ್ತವೆ. ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಇಲಿಗಳಲ್ಲಿ ಈ ಸಾಗಣೆಗೆ ಮಿರೋ1 ಎಂಬ ಪ್ರೋಟೀನ್ ಮುಖ್ಯ ಅಂತ ತೋರಿಸಿದರು. ನಮ್ಮವರ ಒಳ್ಳೇ ಕೆಲಸ ಅದು. ಈ ಕೋಶಗಳಿಗೆ 1991ರಲ್ಲಿ ಹೆಸರು ಜನಪ್ರಿಯಗೊಳಿಸಿದ ಅರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ಇವನ್ನು ಸ್ಟೆಮ್ ಸೆಲ್ ಅಂತ ಕರೆಯೋದನ್ನು ಬಿಡೋಣ ಅಂತ ಬರೆದರು. ಇವು ಬಿಡಿಭಾಗ ಅಲ್ಲ, ಸಂದೇಶವಾಹಕ ಅನ್ನೋದು ಅವರ ವಾದ. ನಾಮಕರಣ ಮಾಡಿದವರೇ ಹೆಸರು ಬದಲಿಸಿ ಅಂದರು. ಬೋರ್ಡ್ ಹಾಕಿಕೊಂಡವರು ಮಾತ್ರ ಬದಲಿಸಲಿಲ್ಲ!

ಇಲ್ಲಿ ಒಂದು ಸರಳ ಲೆಕ್ಕ ಇದೆ. ಗೋಡೆ ಬಿದ್ದ ಮನೆ ಮುಂದೆ ಲಾರಿಗಟ್ಟಲೆ ಇಟ್ಟಿಗೆ ಸುರಿದರೆ ಗೋಡೆ ತಾನಾಗಿ ಏಳುತ್ತಾ? ಮೇಸ್ತ್ರಿ ಬೇಕು, ಗಾರೆ ಬೇಕು, ನಕ್ಷೆ ಬೇಕು. ಸಿಒಪಿಡಿಯಲ್ಲಿ ಹೋಗಿರುವುದು ನಕ್ಷೆ. ಎಆರ್‌ಡಿಎಸ್‌ನಲ್ಲಿ ಹಾಗಲ್ಲ. ಅಲ್ಲಿ ಮನೆಗೆ ಬೆಂಕಿ ಬಿದ್ದಿದೆ, ಗೋಡೆ ಇನ್ನೂ ನಿಂತಿದೆ. ಉರಿಯೂತ ಆರಿಸುವ ಕೋಶ ಅಲ್ಲಿ ಕೆಲಸಕ್ಕೆ ಬರಬಹುದು. ವಿಜ್ಞಾನಿಗಳ ಆಸೆ ಹೆಚ್ಚಾಗಿ ಅಲ್ಲಿದ್ದದ್ದು ಸುಮ್ಮನೆ ಅಲ್ಲ.

ಆ ಆಸೆ ಏನಾಯಿತು? ಅಮೆರಿಕದ ಮೈಕೆಲ್ ಮ್ಯಾಥೇ ಅವರ ತಂಡ 60 ಎಆರ್‌ಡಿಎಸ್ ರೋಗಿಗಳ ಮೇಲೆ ಪ್ರಯೋಗ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. 40 ಜನರಿಗೆ ಕೋಶ, 20 ಜನರಿಗೆ ಕೋಶ ಇಲ್ಲದ ದ್ರವ. ದೇಹತೂಕದ ಪ್ರತಿ ಕೆಜಿಗೆ ಒಂದು ಕೋಟಿ ಕೋಶ. ಫಲಿತಾಂಶ? ಸುರಕ್ಷಿತ ಅಂತ ಕಂಡಿತು. ಆದರೆ ಸಾವು ತಗ್ಗಲಿಲ್ಲ. ಕೋಶ ಪಡೆದ ಗುಂಪಿನವರ ಸ್ಥಿತಿ ಮೊದಲೇ ಹೆಚ್ಚು ಗಂಭೀರವಾಗಿತ್ತು ಅನ್ನೋದೂ ನಿಜ. ಇನ್ನೊಂದು ವಿಷಯ ನನ್ನ ಗಮನ ಸೆಳೆಯಿತು. ಶೈತ್ಯಾಗಾರದಿಂದ ತೆಗೆದು ರೋಗಿಗೆ ಕೊಡುವ ಹೊತ್ತಿಗೆ ಬದುಕಿದ್ದ ಕೋಶಗಳು ಒಬ್ಬರಿಗೆ ಶೇ 36, ಮತ್ತೊಬ್ಬರಿಗೆ ಶೇ 85. ವಿಶ್ವದ ಅತ್ಯುತ್ತಮ ಲ್ಯಾಬ್‌ಗಳ ಕಥೆಯೇ ಹೀಗೆ! ನಾನು ಓದಿದ್ದು ಇಂಜಿನಿಯರಿಂಗ್. ಬ್ಯಾಚ್‌ನಿಂದ ಬ್ಯಾಚ್‌ಗೆ ಇಷ್ಟು ಏರುಪೇರಾಗುವ ವಸ್ತುವನ್ನು ನಾವು ಪ್ರಾಡಕ್ಟ್ ಅನ್ನಲ್ಲ, ಪ್ರೋಟೋಟೈಪ್ ಅಂತೀವಿ. ಅಂದಮೇಲೆ ಮೊದಲ ಮಹಡಿಯ ಕ್ಲಿನಿಕ್‌ನಲ್ಲಿ ಬಾಟಲಿಯೊಳಗೆ ಏನಿದೆ ಅಂತ ಯಾರು ನೋಡಿದ್ದಾರೆ?

ಮುಂದೆ ಕೋವಿಡ್ ಬಂತು. ಆಸ್ಟ್ರೇಲಿಯಾದ ಮೆಸೋಬ್ಲಾಸ್ಟ್ ಕಂಪನಿಯ ಕೋಶಗಳನ್ನು 300 ರೋಗಿಗಳಿಗೆ ಪರೀಕ್ಷಿಸುವ ಯೋಜನೆ ಶುರುವಾಯಿತು. 2020ರ ಡಿಸೆಂಬರ್‌ನಲ್ಲಿ, 222 ಜನ ಸೇರಿದ್ದಾಗ, ಸಾವು ತಗ್ಗಿಸುವ ಗುರಿ ಮುಟ್ಟಲ್ಲ ಅಂತ ನಿಲ್ಲಿಸಿದರು. 30 ದಿನದೊಳಗಿನ ಸಾವು ಕೋಶ ಪಡೆದವರಲ್ಲಿ ಶೇ 37.5, ಪಡೆಯದವರಲ್ಲಿ ಶೇ 42.7. ಕಡಿಮೆ ಆಗಿದೆಯಲ್ಲ ಅಂತೀರಾ? ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು ಅನ್ನುತ್ತೆ ಗಣಿತ. ಗಮನಿಸಿ, ಇದೇ ಕೋಶಕ್ಕೆ 2024ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಯಾವುದಕ್ಕೆ? ಕಸಿ ಆದಮೇಲೆ ಕೆಲವು ಮಕ್ಕಳಲ್ಲಿ ಕಾಣುವ ಒಂದು ಮಾರಕ ತೊಂದರೆಗೆ. ಒಂದು ಕಾಯಿಲೆಯಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲಬಹುದು. ಇದು ವಿಜ್ಞಾನದ ಪ್ರಾಮಾಣಿಕತೆ.

ಸಿಒಪಿಡಿ ಕಥೆ? 2013ರಲ್ಲಿ ಪ್ರಕಟವಾದ 62 ರೋಗಿಗಳ ಪ್ರಯೋಗದಲ್ಲಿ ಕೋಶ ಸುರಕ್ಷಿತ ಅನ್ನಿಸಿತು, ಉಸಿರಾಟದ ಸಾಮರ್ಥ್ಯ ಮಾತ್ರ ಹೆಚ್ಚಲಿಲ್ಲ. ಚೀನಾದಲ್ಲಿ ಈಚೆಗೆ ಬೇರೆ ದಾರಿ ಹಿಡಿದಿದ್ದಾರೆ. ರೋಗಿಯ ಶ್ವಾಸನಾಳದಿಂದಲೇ ಕೋಶ ತೆಗೆದು, ಲ್ಯಾಬ್‌ನಲ್ಲಿ ಬೆಳೆಸಿ, ಬ್ರಾಂಕೋಸ್ಕೋಪ್ ಮೂಲಕ ವಾಪಸ್ ಇಡೋದು. 17 ಜನರಿಗೆ ಹೀಗೆ ಮಾಡಿದಾಗ ಕೆಲವು ಅಳತೆಗಳು ಸುಧಾರಿಸಿವೆ. ಖುಷಿಯ ಸುದ್ದಿಯೇ. ಆದರೆ ಹದಿನೇಳು ಜನ ಅಂದರೆ ಒಂದು ಟೆಂಪೋ ಟ್ರಾವೆಲರ್ ತುಂಬುವಷ್ಟು!

ಅವಸರ ಮಾಡಿದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2011ರಲ್ಲಿ ಸ್ವೀಡನ್‌ನ ಪ್ರಸಿದ್ಧ ಕ್ಯಾರೊಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಾಕಿಯಾರಿನಿ ಎಂಬ ಸರ್ಜನ್ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯ ಸ್ಟೆಮ್ ಸೆಲ್ ಲೇಪಿಸಿ ಜೋಡಿಸಿದರು. ಜಗತ್ತಿನ ಮಾಧ್ಯಮಗಳು ಹೊಗಳಿದ್ದೇ ಹೊಗಳಿದ್ದು. ಅಲ್ಲಿ ಹೀಗೆ ಶಸ್ತ್ರಚಿಕಿತ್ಸೆಯಾದ ಮೂವರೂ ಆಮೇಲೆ ತೀರಿಕೊಂಡರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಸರ್ಜನ್‌ಗೆ ಎರಡೂವರೆ ವರ್ಷ ಜೈಲು ಶಿಕ್ಷೆ ಕೊಟ್ಟಿತು.

ನಮ್ಮಲ್ಲಿ ಕಾನೂನು ಏನು ಹೇಳುತ್ತೆ? ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ ಉಳಿದದ್ದೆಲ್ಲ ಸಂಶೋಧನೆ. ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಕೊಡಬೇಕು. 2019ರ ಔಷಧ ನಿಯಮಗಳ ಪ್ರಕಾರ ಸ್ಟೆಮ್ ಸೆಲ್ ಉತ್ಪನ್ನ ಅಂದರೆ 'ಹೊಸ ಔಷಧ'. ಪರೀಕ್ಷೆ ಪಾಸಾದರೆ ಮಾರಬಹುದು. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಹಾಗೇ ಮಾಡಿದೆ. ಕಾಲಿನ ರಕ್ತಸಂಚಾರ ನಿಂತುಹೋಗುವ ಕಾಯಿಲೆಗೆ ಅದರ ಕೋಶ ಉತ್ಪನ್ನಕ್ಕೆ 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಅಂದರೆ ರಾಜಮಾರ್ಗ ತೆರೆದೇ ಇದೆ. ಕಳ್ಳದಾರಿ ಯಾಕೆ?

ಹಾಗಾಗಿ ಯಾರಾದರೂ ಸ್ಟೆಮ್ ಸೆಲ್ ಹಾಕ್ತೀವಿ ಅಂದರೆ ಮೂರು ಪ್ರಶ್ನೆ ಕೇಳಿ. ಇದು ಟ್ರಯಲ್ ಆದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಲ್ಲಿ? ಆ ಪಟ್ಟಿಯನ್ನು ಯಾರು ಬೇಕಾದರೂ ಮೊಬೈಲ್‌ನಲ್ಲೇ ಉಚಿತವಾಗಿ ನೋಡಬಹುದು. ಎರಡು, ಟ್ರಯಲ್ ಆಗಿದ್ದರೆ ನನ್ನ ಹತ್ತಿರ ದುಡ್ಡು ಯಾಕೆ ಕೇಳ್ತಿದ್ದೀರಿ? ಮೂರು, ಹೆಚ್ಚುಕಡಿಮೆ ಆದರೆ ಪರಿಹಾರ ಯಾರು ಕೊಡ್ತಾರೆ, ಬರೆದುಕೊಡಿ. ಈ ಮೂರಕ್ಕೂ ಉತ್ತರ ಇಲ್ಲ ಅಂದರೆ ಎದ್ದು ಬನ್ನಿ.

"ಹಾಗಾದರೆ ಕೈಕಟ್ಟಿ ಕೂರೋದಾ?" ಖಂಡಿತ ಇಲ್ಲ. ಎಆರ್‌ಡಿಎಸ್‌ನಲ್ಲಿ ನಿಜವಾಗಿ ಜೀವ ಉಳಿಸಿದ ಎರಡು ಸಂಶೋಧನೆ ಯಾವುವು ಗೊತ್ತಾ? ವೆಂಟಿಲೇಟರ್‌ನಲ್ಲಿ ದೊಡ್ಡ ಉಸಿರಿನ ಬದಲು ಸಣ್ಣ ಉಸಿರು ಕೊಟ್ಟರೆ ಸಾವು ಶೇ 39.8ರಿಂದ ಶೇ 31ಕ್ಕೆ ಇಳಿಯಿತು. ಅದು 2000ದಲ್ಲಿ. ತೀರಾ ಗಂಭೀರ ರೋಗಿಗಳನ್ನು ಬೋರಲು ಮಲಗಿಸಿದರೆ ಸಾವು ಶೇ 32.8ರಿಂದ ಶೇ 16ಕ್ಕೆ ಇಳಿಯಿತು. ಅದು 2013ರಲ್ಲಿ. ಕೋವಿಡ್ ವಾರ್ಡ್‌ಗಳಲ್ಲಿ ರೋಗಿಗಳು ಬೋರಲು ಮಲಗಿದ್ದ ದೃಶ್ಯ ನೆನಪಿದೆಯಲ್ವಾ? ಅದರ ಹಿಂದೆ ಇದ್ದದ್ದು ಇದು. ಅದಕ್ಕೆ ಜಾಹೀರಾತೂ ಇಲ್ಲ, ಬ್ರೋಷರೂ ಇಲ್ಲ.

ಸಿಒಪಿಡಿಗೂ ಅಷ್ಟೇ. ಬೀಡಿ ಬಿಡೋದು, ಮನೆಯೊಳಗಿನ ಹೊಗೆ ತಪ್ಪಿಸೋದು, ಇನ್ಹೇಲರನ್ನು ಸರಿಯಾದ ಕ್ರಮದಲ್ಲಿ ಎಳೆಯೋದು, ಫ್ಲೂ ಲಸಿಕೆ, ಉಸಿರಾಟದ ವ್ಯಾಯಾಮ, ಆಮ್ಲಜನಕ ತೀರಾ ತಗ್ಗಿದವರಿಗೆ ಮನೆಯಲ್ಲೇ ಆಮ್ಲಜನಕ. ಇನ್ಹೇಲರ್ ಅಭ್ಯಾಸ ಆಗಿಬಿಡುತ್ತೆ ಅಂತ ಹೆದರಿ ಬಿಟ್ಟವರು ಸಾವಿರ ರೂಪಾಯಿ ಒಳಗಿನ ಔಷಧಿ ಬಿಟ್ಟು ಲಕ್ಷದ ಡ್ರಿಪ್ ಹುಡುಕ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

ಒಂದು ದಿನ ಶ್ವಾಸಕೋಶಕ್ಕೂ ಕೋಶ ಚಿಕಿತ್ಸೆ ಬರಬಹುದು. ಬರಲಿ ಅಂತ ನಾನೂ ಹಾರೈಸ್ತೀನಿ. ಬಂದ ದಿನ ಅದು ಸರ್ಕಾರದ ಒಪ್ಪಿಗೆ ಪತ್ರದ ಜತೆ, ದೊಡ್ಡಾಸ್ಪತ್ರೆಯ ಪಲ್ಮನಾಲಜಿ ವಿಭಾಗದ ಬಾಗಿಲಿನಿಂದ ಬರುತ್ತದೆ. ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರ್‌ನಿಂದ ಬರಲ್ಲ. ಅಲ್ಲಿಯವರೆಗೆ ಆ ಒಂದೆಕರೆ ನಿಮ್ಮ ಹೆಸರಲ್ಲೇ ಇರಲಿ.